ಸಪ್ತಾಪುರದ ಒಂದು ಇಂಗ್ಲಿಷ್ ವ್ಯಾಕರಣ ತರಗತಿ: ಹತ್ತು ವಾರ ಕುಳಿತು ಬಂದ ಮೇಲೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಬೋರ್ಡು ಕಾಣದ ಓಣಿ ಸಿಗುವುದು ಕಷ್ಟ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಬ್ಯಾಂಕು, ರೈಲ್ವೆ ಎಂದು ಒಂದರ ಪಕ್ಕ ಒಂದು ಬೋರ್ಡು. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ತರಗತಿ, ಅದರ ಮೇಲೆ ಪಿಜಿ. ಈ ಎಲ್ಲದರ ನಡುವೆ, ಇಂಗ್ಲಿಷ್ ವಾಕ್ಯದಲ್ಲಿನ ತಪ್ಪನ್ನು ಗುರುತಿಸಿ ತಿದ್ದುವುದನ್ನು ಮಾತ್ರ ಕಲಿಸುವ ಒಂದು ಚಿಕ್ಕ ತರಗತಿ ಇದೆ. ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಎರಡೆರಡು ತಾಸಿನಂತೆ ಹತ್ತು ವಾರ ನಾನು ಅಲ್ಲಿ ಕುಳಿತು ಪಾಠ ಕೇಳಿದ್ದೇನೆ. ಶುಲ್ಕ 2,800 ರೂಪಾಯಿ. ಅಭ್ಯಾಸದ ಪುಸ್ತಿಕೆಗೆ ಪ್ರತ್ಯೇಕವಾಗಿ 180 ರೂಪಾಯಿ. ಮೆಚ್ಚಿಕೆಯ ಜೊತೆಗೆ ಒಂದೆರಡು ಗಟ್ಟಿಯಾದ ದೂರುಗಳೂ ನನಗಿರುವುದರಿಂದ ತರಗತಿಯ ಹೆಸರನ್ನಾಗಲಿ ಕಲಿಸುವವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಇಂಥ ತರಗತಿಗೆ ಹಣ ಕಟ್ಟುವ ಮುನ್ನ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಓದುವವರಿಗೆ ತಿಳಿದರೆ ಸಾಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ನವಲಗುಂದದ ಕಡೆಯ ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ನಂತರ ಧಾರವಾಡಕ್ಕೆ ಬಂದು ಬಿ.ಎಸ್ಸಿ. ಮುಗಿಸಿದೆ. ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗವು ಪದವೀಧರರಿಗಾಗಿ ನಡೆಸುವ ಸಿಜಿಎಲ್ ಪರೀಕ್ಷೆಯನ್ನು ಎರಡು ಸಲ ಬರೆದಿದ್ದೇನೆ, ಎರಡೂ ಸಲ ಇಂಗ್ಲಿಷ್ ವಿಭಾಗದಲ್ಲಿಯೇ ಹಿಂದೆ ಬಿದ್ದಿದ್ದೇನೆ. ಆ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳು, ಅವುಗಳಲ್ಲಿ 25 ಇಂಗ್ಲಿಷಿನವು. ಸರಿ ಉತ್ತರಕ್ಕೆ 2 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಒಂದು ಪ್ರಶ್ನೆಗೆ ಸರಾಸರಿ 36 ಸೆಕೆಂಡು ಸಿಗುತ್ತದೆ. ಒಂದು ವಾಕ್ಯವನ್ನು ತುಂಡು ತುಂಡಾಗಿ ಕತ್ತರಿಸಿ ಕೊಟ್ಟು, ಯಾವ ತುಂಡಿನಲ್ಲಿ ತಪ್ಪಿದೆ ಎಂದು ಕೇಳುವ ಪ್ರಶ್ನೆಗಳು ಬಂದಾಗ ನನಗೆ ನಾಲ್ಕೂ ತುಂಡುಗಳು ಸರಿಯಾಗಿಯೇ ಕಾಣುತ್ತಿದ್ದವು. 2023ರಿಂದ ಇದೇ ಆಯೋಗದ ಎಂಟಿಎಸ್‌ನಂಥ (ಹತ್ತನೆಯ ತರಗತಿ ಪಾಸಾದವರಿಗಿರುವ) ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯುವ ಅವಕಾಶ ಬಂದಿದೆ. ನಮ್ಮಂಥವರಿಗೆ ಅದು ದೊಡ್ಡ ಆಸರೆ. ಆದರೆ ಇಂಗ್ಲಿಷ್ ವಿಭಾಗ ಅಲ್ಲಿಯೂ ಇಂಗ್ಲಿಷಿನಲ್ಲಿಯೇ ಇರುತ್ತದೆ, ಅದನ್ನು ದಾಟದೆ ಗತಿಯಿಲ್ಲ.

ಇದಕ್ಕೂ ಮೊದಲು ನಾನು ಇನ್ನೊಂದು ಕಡೆ ಕೋಚಿಂಗ್ ತೆಗೆದುಕೊಂಡಿದ್ದೆ. ಅಲ್ಲಿ 120 ನಿಯಮಗಳ ಪಟ್ಟಿಯೊಂದನ್ನು ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ನಿಯಮಗಳು ಬಾಯಿಗೆ ಬಂದವು, ಕಣ್ಣಿಗೆ ಬರಲಿಲ್ಲ. ಪರೀಕ್ಷೆಯಲ್ಲಿ ವಾಕ್ಯ ಎದುರಿಗೆ ನಿಂತಾಗ 120ರಲ್ಲಿ ಯಾವುದನ್ನು ತೆಗೆದು ಹಚ್ಚಬೇಕು ಎಂಬುದೇ ಹೊಳೆಯುತ್ತಿರಲಿಲ್ಲ. ಸಪ್ತಾಪುರದ ಈ ತರಗತಿಯ ಗುಣ ಇಲ್ಲಿಯೇ ಇದೆ. ಪಾಠ ಮಾಡುವವರು ಹೈಸ್ಕೂಲಿನಿಂದ ನಿವೃತ್ತರಾದ ಮಾಸ್ತರರು. ಅವರು ನಿಯಮದಿಂದ ಆರಂಭಿಸುವುದಿಲ್ಲ; ನಾವು ಮಾಡಿದ ತಪ್ಪನ್ನು ಹಲಗೆಯ ಮೇಲೆ ಬರೆದು, ಆ ತಪ್ಪು ನಮ್ಮ ಬಾಯಿಗೆ ಯಾಕೆ ಬಂತು ಎಂದು ಕನ್ನಡದಲ್ಲಿ ಹುಡುಕಿಸುತ್ತಾರೆ.

ಎರಡನೆಯ ಶನಿವಾರದ ಪಾಠವನ್ನು ಹೇಳಿದರೆ ಅವರ ರೀತಿ ಸ್ಪಷ್ಟವಾಗುತ್ತದೆ. ನಮ್ಮ ಬಗ್ಗೆ ಒಂದೊಂದು ವಾಕ್ಯ ಬರೆಯಲು ಹೇಳಿದ್ದರು. ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುವ ನಾನು ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರೆದೆ. ಮಾಸ್ತರರು ಅದನ್ನು ಇದ್ದಂತೆಯೇ ಹಲಗೆಗೆ ಏರಿಸಿ, “ತಂಗಿ, ಇದನ್ನ ಕನ್ನಡದಾಗ ಹೇಳು ನೋಡೋಣು” ಎಂದರು. “ಐದು ವರ್ಷದಿಂದ ಇಲ್ಲೇ ಕೆಲಸ ಮಾಡಾಕತ್ತೇನ್ರಿ ಸರ” ಎಂದೆ. ಅವರು ಆ ಕನ್ನಡ ವಾಕ್ಯವನ್ನೂ ಕೆಳಗೆ ಬರೆದು, ‘ವರ್ಷದಿಂದ’ ಎಂಬಲ್ಲಿನ ‘ಇಂದ’ಕ್ಕೆ ಸುಣ್ಣದ ಕಡ್ಡಿಯಿಂದ ಸುತ್ತು ಹಾಕಿದರು. “ಸೋಮವಾರದಿಂದ ಅಂತೀವಿ, ಐದು ವರ್ಷದಿಂದ ಅಂತೀವಿ. ನಮಗ ಎರಡಕ್ಕೂ ಒಂದ ‘ಇಂದ’ ಸಾಕು. ಅವರಿಗೆ ಸಾಕಾಗಂಗಿಲ್ಲ.” ಹಾಗೆಂದು ಹಲಗೆಯ ಎಡಕ್ಕೆ ಒಂದು ಚುಕ್ಕೆ ಇಟ್ಟರು, ಬಲಕ್ಕೆ ಒಂದು ಉದ್ದ ಗೆರೆ ಎಳೆದರು. ಸೋಮವಾರ, 2019, ಬೆಳಿಗ್ಗೆ ಹತ್ತು ಗಂಟೆ ಇವೆಲ್ಲ ಕಾಲದಲ್ಲಿ ಚುಕ್ಕೆಗಳು, ಅವುಗಳಿಗೆ ‘ಸಿನ್ಸ್’. ಐದು ವರ್ಷ, ಮೂರು ತಾಸು, ಬಹಳ ದಿನ ಇವೆಲ್ಲ ಗೆರೆಗಳು, ಅವುಗಳಿಗೆ ‘ಫಾರ್’. ಆಮೇಲೆ ‘ಮಾಡಾಕತ್ತೇನಿ’ ಎಂಬುದರ ಕೆಳಗೆ ಗೆರೆ ಎಳೆದರು. ಹಿಂದೆ ಆರಂಭವಾಗಿ ಇವತ್ತಿಗೂ ನಡೆದಿರುವ ಕೆಲಸಕ್ಕೆ ಕನ್ನಡದಲ್ಲಿ ಬರಿಯ ವರ್ತಮಾನದ ರೂಪ ಸಾಕು, ಏಕೆಂದರೆ ಹಿಂದಿನ ಆರಂಭವನ್ನು ‘ಇಂದ’ ಹೇಳಿಬಿಟ್ಟಿರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದವೂ ಆ ಆರಂಭವನ್ನು ಹೊರಬೇಕು, ಅದಕ್ಕೇ ‘ಹ್ಯಾವ್ ಬೀನ್ ವರ್ಕಿಂಗ್’. ಒಂದೇ ವಾಕ್ಯದಲ್ಲಿ ನಾನು ಮಾಡಿದ ಎರಡು ತಪ್ಪುಗಳಿಗೂ ಮೂಲ ಒಂದೇ ‘ಇಂದ’ ಎಂದು ಕಂಡಾಗ ನನಗಾದ ಸಮಾಧಾನ ದೊಡ್ಡದು. ಎಷ್ಟೋ ವರ್ಷ ನನ್ನ ದಡ್ಡತನ ಎಂದುಕೊಂಡಿದ್ದಕ್ಕೆ ನನ್ನ ಭಾಷೆಯಲ್ಲಿ ಒಂದು ಕಾರಣವಿತ್ತು.

ಹೀಗೆ ಕಾರಣ ಸಿಕ್ಕ ತಪ್ಪುಗಳು ಮತ್ತೆ ಬರುವುದು ಕಡಿಮೆ. ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂದು ನಾವೆಲ್ಲರೂ ಬರೆಯುತ್ತೇವೆ. ‘ಅವನು ಎಲ್ಲಿದ್ದಾನೆ?’ ಎಂಬ ಪ್ರಶ್ನೆಯನ್ನು ಒಂದಕ್ಷರವೂ ಅಲುಗಾಡಿಸದೆ ಎತ್ತಿ ತಂದು ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಎಂದು ಜೋಡಿಸಲು ಕನ್ನಡ ಬಿಡುತ್ತದೆ. ‘ಅಂತ’ ಎಂಬ ಒಂದು ಪದ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೊಕ್ಕ ಕೂಡಲೇ ತನ್ನ ತಿರುವುಮುರುವಾದ ಕ್ರಮವನ್ನು ಬಿಟ್ಟು ಸಾದಾ ವಾಕ್ಯದ ಕ್ರಮಕ್ಕೆ ಮರಳಬೇಕು: ‘ವೇರ್ ಹಿ ಈಸ್’. ಬೇರೆಯವರು ಹೇಳಿದ ಮಾತನ್ನು ವರದಿ ಮಾಡುವಾಗ ಕಾಲ ಬದಲಾಯಿಸಲು ನಾವು ಮರೆಯುವುದೂ ಇದೇ ‘ಅಂತ’ದಿಂದ. ‘ನಾಳೆ ಬರ್ತೀನಿ ಅಂತ ಹೇಳಿದ’ ಎನ್ನುವಾಗ ಅವನ ಮಾತು ಅವನ ಬಾಯಿಯಲ್ಲಿದ್ದಂತೆಯೇ ಉಳಿಯುತ್ತದೆ, ‘ವಿಲ್’ ಅನ್ನು ‘ವುಡ್’ ಮಾಡುವ ಅಗತ್ಯ ನಮ್ಮ ಕಿವಿಗೆ ಬೀಳುವುದೇ ಇಲ್ಲ.

ನನಗೆ ಅತ್ಯಂತ ಉಪಯೋಗವಾದದ್ದು ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆಯ ಪಾಠ. ಪರೀಕ್ಷೆಯಲ್ಲಿ ಹೆಚ್ಚು ಸಲ ನಾನು ಬಿದ್ದ ಗುಂಡಿಯೂ ಇದೇ. ಬಯಲುಸೀಮೆಗೂ ಮಲೆನಾಡಿಗೂ ನಡುವೆ ಇರುವ ಧಾರವಾಡದಲ್ಲಿ ಬೇಸಿಗೆ ಬಂತೆಂದರೆ ಆಪೂಸ್ ಮಾವಿನ ಮಾತು. ಮಾಸ್ತರರು ತೆಗೆದುಕೊಂಡ ಉದಾಹರಣೆಯೂ ಅದೇ. ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ಆರ್ ಗುಡ್.’ ತರಗತಿಯ ಮುಕ್ಕಾಲು ಪಾಲು ಜನ ಇದು ಸರಿ ಎಂದು ಕೈ ಎತ್ತಿದೆವು. ಕನ್ನಡದಲ್ಲಿ ‘ಮಾವಿನಹಣ್ಣುಗಳ ಗುಣಮಟ್ಟ ಚೆನ್ನಾಗಿದೆ’ ಎನ್ನುತ್ತೇವೆ. ಇಲ್ಲಿ ‘ಹಣ್ಣುಗಳ’ ಎಂಬ ಬಹುವಚನ ಮುಂಚೆಯೇ ಬಂದು ಸರಿದು ಹೋಗಿರುತ್ತದೆ. ಕ್ರಿಯಾಪದದ ಪಕ್ಕದಲ್ಲಿ ಕುಳಿತಿರುವುದು ನಿಜವಾದ ಕರ್ತೃವಾದ ‘ಗುಣಮಟ್ಟ’. ಹೀಗಾಗಿ ಪಕ್ಕದ ಪದವನ್ನು ನೋಡಿ ಕ್ರಿಯಾಪದ ಹಾಕುವ ನಮ್ಮ ರೂಢಿ ಕನ್ನಡದಲ್ಲಿ ನಮಗೆ ಕೈಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಮ ತಿರುಗುತ್ತದೆ: ಕರ್ತೃ ಮೊದಲು ಬಂದು ದೂರ ಉಳಿಯುತ್ತದೆ, ನಡುವೆ ಬಂದ ‘ಮ್ಯಾಂಗೋಸ್’ ಕ್ರಿಯಾಪದಕ್ಕೆ ಒತ್ತಿ ನಿಲ್ಲುತ್ತದೆ, ನಾವು ಅದರ ಮಾತು ಕೇಳಿ ‘ಆರ್’ ಹಾಕುತ್ತೇವೆ. ಪ್ರಶ್ನೆಪತ್ರಿಕೆ ತಯಾರಿಸುವವರು ಈ ನಡುವಿನ ಜಾಗವನ್ನು ‘ಅಲಾಂಗ್ ವಿತ್’, ‘ಆ್ಯಸ್ ವೆಲ್ ಆ್ಯಸ್’ ಮುಂತಾದವುಗಳಿಂದ ಉದ್ದ ಮಾಡುತ್ತ ಹೋಗುತ್ತಾರೆ. ‘ಆಫ್’ನಿಂದ ಹಿಡಿದು ಕ್ರಿಯಾಪದದ ತನಕ ಇರುವುದನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಬೇಕು ಎಂಬುದು ಮಾಸ್ತರರು ಹೇಳಿಕೊಟ್ಟ ಉಪಾಯ. ‘ದ ಕ್ವಾಲಿಟಿ... ಆರ್ ಗುಡ್’ ಎಂದು ಓದಿಕೊಂಡರೆ ಯಾರಿಗೂ ತಪ್ಪು ಅಡಗುವುದಿಲ್ಲ. ಮನೆಗೆ ಹೋಗಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು, ಬೆರಳಿಟ್ಟು ಓದುತ್ತ, ನಾನು ಹಿಂದೆ ತಪ್ಪು ಮಾಡಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿದ ಆ ರಾತ್ರಿ ನನಗಿನ್ನೂ ನೆನಪಿದೆ.

ಕನ್ನಡ ಯಾವಾಗಲೂ ದಾರಿ ತಪ್ಪಿಸುತ್ತದೆ ಎಂಬ ಭಾವನೆಯೂ ಇಲ್ಲಿ ಉಳಿಯುವುದಿಲ್ಲ, ಅದೂ ನನಗೆ ಮೆಚ್ಚುಗೆಯಾದ ಸಂಗತಿ. ‘ಐ ಡಿಡ್ ನಾಟ್ ವೆಂಟ್’ ಎಂಬ ತಪ್ಪನ್ನು ತಿದ್ದಲು ಅವರು ಕನ್ನಡವನ್ನೇ ಸಾಕ್ಷಿಗೆ ಕರೆದರು. ‘ಹೋದೆ’ ಎಂಬುದನ್ನು ಇಲ್ಲವೆಂದು ಹೇಳಬೇಕಾದರೆ ನಾವು ‘ಹೋಗಲಿಲ್ಲ’ ಎನ್ನುತ್ತೇವೆ. ‘ಹೋದಲಿಲ್ಲ’ ಎಂದು ಮೂರು ವರ್ಷದ ಕೂಸೂ ಅನ್ನುವುದಿಲ್ಲ. ಅಂದರೆ ನಿಷೇಧ ಬಂದ ಕೂಡಲೇ ಮುಖ್ಯ ಕ್ರಿಯಾಪದ ತನ್ನ ಭೂತಕಾಲದ ಅಂಗಿಯನ್ನು ಕಳಚಿಡುತ್ತದೆ ಎಂಬ ನಿಯಮ ನಮ್ಮ ಬಾಯಲ್ಲಿ ಮೊದಲಿನಿಂದಲೂ ಇದೆ. ‘ಡಿಡ್ ನಾಟ್ ವೆಂಟ್’ ಎಂದರೆ ‘ಹೋದಲಿಲ್ಲ’ ಎಂದಂತೆ ಎಂದು ಅವರು ಹೇಳಿದ ಮೇಲೆ ಆ ತಪ್ಪು ನನ್ನ ಕಿವಿಗೆ ಚುಚ್ಚತೊಡಗಿತು. ಕಣ್ಣಿಗೆ ಕಾಣುವ ಮೊದಲು ಕಿವಿಗೆ ಚುಚ್ಚುವ ತಪ್ಪನ್ನು 36 ಸೆಕೆಂಡಿನಲ್ಲಿ ಹಿಡಿಯುವುದು ಕಷ್ಟವಲ್ಲ.

‘ಅ’ ಮತ್ತು ‘ಆ್ಯನ್’ಗಳ ವಿಷಯದಲ್ಲಿ ನಮ್ಮ ಲಿಪಿಯೇ ನೆರವಿಗೆ ಬರುತ್ತದೆ. ಮುಂದಿನ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಸ್ವರದಿಂದ ಆರಂಭವಾದರೆ ‘ಆ್ಯನ್’, ವ್ಯಂಜನದಿಂದ ಆರಂಭವಾದರೆ ‘ಅ’. ಇಂಗ್ಲಿಷ್ ಕಾಗುಣಿತ ಏನೇ ಇರಲಿ, ‘ಅವರ್’ ಎಂದರೆ ಸ್ವರ, ‘ಯೂನಿವರ್ಸಿಟಿ’ ಎಂದರೆ ವ್ಯಂಜನ, ‘ಎಂಎಲ್‌ಎ’ ಎಂದರೆ ಸ್ವರ. ಇದರಲ್ಲೂ ಒಂದು ಎಚ್ಚರ ಬೇಕು. ನಾವು ‘ಒನ್’ ಎಂದು ಬರೆಯುವ ಪದದ ಉಚ್ಚಾರ ‘ವನ್’ ಆಗಿರುವುದರಿಂದ ‘ಅ ಒನ್ ರುಪೀ ಕಾಯಿನ್’ ಎಂಬುದೇ ಸರಿ. ‘ದ’ ಎಂಬುದರ ಪಾಠ ಮಾತ್ರ ನನಗೆ ಸಾಲಲಿಲ್ಲ. ಕನ್ನಡದಲ್ಲಿ ಆರ್ಟಿಕಲ್ ಇಲ್ಲದಿದ್ದರೂ ಅದರ ಒಂದಿಷ್ಟು ಕೆಲಸವನ್ನು ದ್ವಿತೀಯಾ ವಿಭಕ್ತಿ ಮಾಡುತ್ತದೆ: ‘ಪುಸ್ತಕ ಕೊಂಡೆ’ ಎಂದರೆ ಯಾವುದೋ ಒಂದು ಪುಸ್ತಕ, ‘ಪುಸ್ತಕವನ್ನು ಕೊಂಡೆ’ ಎಂದರೆ ನಮಗಿಬ್ಬರಿಗೂ ಗೊತ್ತಿರುವ ಆ ಪುಸ್ತಕ. ಮಾಸ್ತರರು ಈ ಸುಂದರವಾದ ಮಾತನ್ನು ಹೇಳಿ, ಹತ್ತೇ ನಿಮಿಷದಲ್ಲಿ ಮುಂದಕ್ಕೆ ಹೋಗಿಬಿಟ್ಟರು. ಈ ಉಪಾಯ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾನೇ ಆಮೇಲೆ ಕಂಡುಕೊಳ್ಳಬೇಕಾಯಿತು. ಮನುಷ್ಯರ ವಿಷಯಕ್ಕೆ ಬಂದರೆ ‘ಒಬ್ಬ ಹುಡುಗನನ್ನು ನೋಡಿದೆ’ ಎಂದು ಗೊತ್ತಿಲ್ಲದವನಿಗೂ ‘ಅನ್ನು’ ಹಚ್ಚಲೇಬೇಕು. ಪದ ಕರ್ತೃವಿನ ಜಾಗದಲ್ಲಿದ್ದರೆ ವಿಭಕ್ತಿಯ ಈ ಸುಳಿವೇ ಇರುವುದಿಲ್ಲ. ಆರ್ಟಿಕಲ್ ತಪ್ಪುಗಳೇ ನಮ್ಮಲ್ಲಿ ಅತಿ ಹೆಚ್ಚಾಗಿರುವಾಗ ಇಡೀ ಹತ್ತು ವಾರಗಳಲ್ಲಿ ಅದಕ್ಕೆ ಒಂದೇ ತರಗತಿ ಮೀಸಲಿಟ್ಟದ್ದು ಸರಿಯಲ್ಲ. ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’, ‘ಸೀನಿಯರ್’ ಬಂದರೆ ‘ಟು’ ಎಂಬಂಥ ಜೋಡಿಗಳಿಗೆ ಎರಡು ತರಗತಿ ಹೋದವು. ಅವು ಬಾಯಿಪಾಠದ ವಿಷಯ, ಒಂದು ಹಾಳೆಯ ನೋಟ್ಸ್ ಕೊಟ್ಟಿದ್ದರೆ ಸಾಕಾಗುತ್ತಿತ್ತು.

ಮಾಸ್ತರರೊಂದಿಗೆ ನನಗೆ ಭಿನ್ನಾಭಿಪ್ರಾಯವಿರುವ ಒಂದು ಜಾಗವಿದೆ. ‘ಕಸಿನ್ ಬ್ರದರ್’ ಎಂಬುದನ್ನು ಅವರು ಹಲಗೆಯ ಮೇಲೆ ಬರೆದು ಅಡ್ಡಗೆರೆ ಎಳೆದು, ‘ಕಸಿನ್’ ಸಾಕು ಎಂದು ಹೇಳಿ ಮುಗಿಸಿದರು. ಪರೀಕ್ಷೆಗೆ ಅದು ಸರಿ. ಆದರೆ ಬೇರೆ ಎಲ್ಲ ತಪ್ಪುಗಳಿಗೂ ಕನ್ನಡದಲ್ಲಿ ಕಾರಣ ಹುಡುಕಿಸಿದವರು ಇದಕ್ಕೂ ಹುಡುಕಿಸಬೇಕಿತ್ತು. ನಮ್ಮ ಮನೆಗಳಲ್ಲಿ ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗ, ದೊಡ್ಡವ್ವನ ಮಗ ಇವರೆಲ್ಲ ಅಣ್ಣತಮ್ಮಂದಿರೇ. ಸೋದರಮಾವನ ಮಗ, ಸೋದರತ್ತೆಯ ಮಗ ಇವರೊಂದಿಗೆ ಹೆಣ್ಣು ತರುವ, ಕೊಡುವ ಸಂಬಂಧ ನಡೆಯುತ್ತದೆ. ಈ ಎರಡು ಬಗೆಯ ಜನರನ್ನು ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಹಾಕುತ್ತದೆ. ಚಿಕ್ಕಪ್ಪನ ಮಗನನ್ನು ಬರಿಯ ‘ಕಸಿನ್’ ಎಂದು ಕರೆಯಲು ನಮ್ಮ ನಾಲಿಗೆ ಒಪ್ಪದೆ ‘ಬ್ರದರ್’ ಎಂದು ಸೇರಿಸುವುದರಲ್ಲಿ ಅಜ್ಞಾನವೊಂದೇ ಇಲ್ಲ, ಸಂಬಂಧದ ಲೆಕ್ಕವೂ ಇದೆ. ಹಾಗೆಯೇ ‘ಪ್ರೀಪೋನ್’ ಎಂಬ ಪದ ಇಂಗ್ಲಿಷೇ ಅಲ್ಲ ಎಂದು ಅವರು ಹೇಳಿದ್ದೂ ಸರಿಯಲ್ಲ. ಭಾರತದಲ್ಲಿ ಬಳಕೆಯಾಗುವ ಪದವೆಂದು ಅದನ್ನು ಆಕ್ಸ್‌ಫರ್ಡ್ ನಿಘಂಟು ಸೇರಿಸಿಕೊಂಡಿದೆ. ಪರೀಕ್ಷೆಯ ಹಾಳೆಯ ಮೇಲೆ ಯಾವುದು ನಡೆಯುವುದಿಲ್ಲ, ಮಾತಿನಲ್ಲಿ ಯಾವುದು ನಡೆಯುತ್ತದೆ, ಯಾವುದು ಎಲ್ಲಿಯೂ ನಡೆಯುವುದಿಲ್ಲ ಎಂದು ಬಿಡಿಸಿ ಹೇಳಿದರೆ ವಿದ್ಯಾರ್ಥಿಗಳು ಬಾಯಿ ಬಿಡಲು ಹೆದರುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಕುಂದಗೋಳದ ಕಡೆಯ ಹುಡುಗನೊಬ್ಬ, ಎರಡು ಸಲ ತಿದ್ದಿಸಿಕೊಂಡ ಮೇಲೆ, ಕೊನೆಯವರೆಗೂ ಇಂಗ್ಲಿಷಿನಲ್ಲಿ ಒಂದು ಮಾತೂ ಆಡಲಿಲ್ಲ.

ಮಾತಿನ ವಿಷಯ ಬಂದದ್ದರಿಂದ ಇನ್ನೊಂದು ಉದಾಹರಣೆ ಹೇಳುತ್ತೇನೆ, ಇದು ಆಸ್ಪತ್ರೆಯ ಕೌಂಟರಿನಲ್ಲಿ ನನಗೆ ದಿನವೂ ಬೇಕಾಗುವ ವಿಷಯ. ‘ನೀವು ದುಡ್ಡು ಕಟ್ಟಿಲ್ಲವೇ?’ ಎಂದು ಕೇಳಿದರೆ ಕನ್ನಡದಲ್ಲಿ ‘ಹೌದು, ಕಟ್ಟಿಲ್ಲ’ ಎನ್ನುತ್ತೇವೆ. ಕೇಳಿದವರ ಊಹೆ ನಿಜ ಎಂದು ಒಪ್ಪುವುದೇ ನಮ್ಮ ‘ಹೌದು’. ಇಂಗ್ಲಿಷಿನ ‘ಯೆಸ್’ ಕೇಳಿದವರ ಊಹೆಯನ್ನು ನೋಡುವುದಿಲ್ಲ, ನಡೆದ ಸಂಗತಿಯನ್ನು ನೋಡುತ್ತದೆ. ಕಟ್ಟಿಲ್ಲವೆಂದರೆ ‘ನೋ’ ಎಂದೇ ಹೇಳಬೇಕು. ಪರರಾಜ್ಯದ ರೋಗಿಯೊಬ್ಬರ ಮಗನಿಗೆ ನಾನು ‘ಯೆಸ್’ ಎಂದು ಹೇಳಿ, ವಿಮೆಯ ಕಾಗದ ಬಂದಿದೆ ಎಂದು ಅವರು ತಿಳಿದುಕೊಂಡು, ಅರ್ಧ ದಿನ ಸುಮ್ಮನೆ ಕಾದು ಕುಳಿತ ಪ್ರಸಂಗ ನನ್ನ ಮನಸ್ಸಿನಲ್ಲಿ ಬಹಳ ದಿನ ಕೊರೆಯುತ್ತಿತ್ತು. ಈ ತರಗತಿಯಲ್ಲಿ ಅದರ ಕಾರಣ ತಿಳಿಯಿತು. ವಾಕ್ಯದ ಕೊನೆಗೆ ಎಲ್ಲದಕ್ಕೂ ‘ಇಸಂಟ್ ಇಟ್’ ಹಚ್ಚುವ ನಮ್ಮ ಅಭ್ಯಾಸಕ್ಕೂ, ಯಾವ ವಾಕ್ಯದ ಬಾಲಕ್ಕಾದರೂ ಬದಲಾಗದೆ ಹೊಂದಿಕೊಳ್ಳುವ ನಮ್ಮ ‘ಅಲ್ಲವೇ’ ಕಾರಣ ಎಂಬುದನ್ನೂ ಅದೇ ದಿನ ಹೇಳಿದರು.

ಇನ್ನು ದೂರುಗಳು. ಮೊದಲನೆಯದು ಪುಸ್ತಿಕೆಯ ಬಗ್ಗೆ, ಮತ್ತು ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ತಪ್ಪು ಹುಡುಕಲು ಕಲಿಸುವ ಪುಸ್ತಿಕೆಯ ಕೀ ಉತ್ತರಗಳಲ್ಲಿಯೇ ತಪ್ಪುಗಳಿವೆ. ‘ಟೆನ್ ಕಿಲೋಮೀಟರ್ಸ್ ಈಸ್ ಅ ಲಾಂಗ್ ಡಿಸ್ಟನ್ಸ್’ ಎಂಬ ವಾಕ್ಯದಲ್ಲಿ ‘ಈಸ್’ ತಪ್ಪು, ‘ಆರ್’ ಆಗಬೇಕು ಎಂದು ಅದರಲ್ಲಿ ಅಚ್ಚಾಗಿದೆ. ವಾಸ್ತವದಲ್ಲಿ ದೂರ, ಹಣ, ಕಾಲ ಇವುಗಳ ಅಳತೆಯನ್ನು ಒಟ್ಟಾರೆ ಒಂದು ಮೊತ್ತವೆಂದು ಹೇಳುವಾಗ ಏಕವಚನವೇ ಸರಿ. ‘ಹತ್ತು ಕಿಲೋಮೀಟರ್ ದೂರ ಆಗುತ್ತದೆ’ ಎನ್ನುವಾಗ ನಮ್ಮ ಮನಸ್ಸಿನಲ್ಲೂ ಇರುವುದು ಒಂದೇ ದೂರ. ‘ನನ್ ಆಫ್ ದ ಸ್ಟೂಡೆಂಟ್ಸ್’ ಮುಂದೆ ಬಹುವಚನ ಬಂದರೆ ತಪ್ಪೇ ತಪ್ಪು ಎಂದೂ ಬರೆದಿದ್ದಾರೆ. ಇಂಗ್ಲಿಷ್ ಬಲ್ಲವರ ಬರವಣಿಗೆಯಲ್ಲಿ ಎರಡು ರೂಪಗಳೂ ನಡೆಯುತ್ತವೆ. ಹೀಗೆ ನಾನು ಗುರುತು ಹಾಕಿಕೊಂಡ ಜಾಗಗಳು ಒಟ್ಟು 9. ಮಾಸ್ತರರ ಬಳಿ ತೋರಿಸಿದಾಗ ಅವರು ಸಿಟ್ಟಾಗಲಿಲ್ಲ. ಕನ್ನಡಕ ಏರಿಸಿ ಓದಿ, ಪುಸ್ತಿಕೆಯನ್ನು ಮನೆಗೆ ಒಯ್ದು, ಮುಂದಿನ ಶನಿವಾರ ಹಲಗೆಯ ಮೇಲೆ 7 ತಿದ್ದುಪಡಿಗಳನ್ನು ಬರೆಸಿದರು, ಉಳಿದ ಎರಡರ ಬಗ್ಗೆ ತಮ್ಮ ಕಾರಣ ಹೇಳಿದರು. ಅವರ ಈ ದೊಡ್ಡತನವನ್ನು ಮರೆಯಲಾರೆ. ಆದರೆ ಪುಸ್ತಿಕೆ ಅಚ್ಚು ಹಾಕಿಸುವುದು ತರಗತಿ ನಡೆಸುವ ಆಡಳಿತದವರ ಕೆಲಸ. ಎರಡು ತಿಂಗಳ ನಂತರ ಹೊಸ ಬ್ಯಾಚಿನ ಗೆಳತಿಯ ಕೈಯಲ್ಲಿ ನಾನು ನೋಡಿದ್ದು ಅದೇ ಪುಸ್ತಿಕೆ, ಅದೇ ತಪ್ಪು, ಅದೇ 180 ರೂಪಾಯಿ. ಬೇರೆ ಯಾರೂ ಕೈಹಿಡಿದು ಹೇಳಿಕೊಡುವವರಿಲ್ಲದ ಹಳ್ಳಿಯ ಹುಡುಗಿಗೆ ಕೀ ಉತ್ತರವೇ ಕೊನೆಯ ಮಾತು. ಅದು ತಪ್ಪಾಗಿದ್ದರೆ ಆಕೆ ಸರಿಯಾಗಿದ್ದ ತನ್ನ ತಿಳಿವಳಿಕೆಯನ್ನು ತಾನೇ ಅಳಿಸಿಕೊಳ್ಳುತ್ತಾಳೆ.

ಎರಡನೆಯದು ಬರೆಸುವ ಅಭ್ಯಾಸದ ಕೊರತೆ. ಮೊದಲ ಎರಡು ವಾರ ಬಿಟ್ಟರೆ ನಾವೇ ವಾಕ್ಯ ಬರೆದು ತಿದ್ದಿಸಿಕೊಂಡದ್ದು ಇಲ್ಲ. ಕೊಠಡಿಯಲ್ಲಿ 60ರ ಮೇಲೆ ಕುರ್ಚಿಗಳಿದ್ದವು. ಅಷ್ಟು ಜನರ ಹಾಳೆಗಳನ್ನು ಒಬ್ಬರೇ ನೋಡುವುದು ಆಗದ ಮಾತು ಎಂಬುದು ನನಗೂ ತಿಳಿಯುತ್ತದೆ. ಆದರೆ ಬೇರೆಯವರು ಬರೆದಿಟ್ಟ ವಾಕ್ಯದಲ್ಲಿ ತಪ್ಪಿದೆ ಎಂದು ಮೊದಲೇ ಗೊತ್ತಿದ್ದು ಹುಡುಕುವುದು ಒಂದು, ತಾನೇ ಬರೆದ ಪತ್ರದಲ್ಲಿ ತಪ್ಪಿದೆ ಎಂದು ಅನುಮಾನವೂ ಇಲ್ಲದಿರುವಾಗ ಅದನ್ನು ಕಾಣುವುದು ಇನ್ನೊಂದು. ಐದನೆಯ ವಾರ ನಾನು ಕಚೇರಿಗೆ ಬರೆದ ರಜೆಯ ಅರ್ಜಿಯಲ್ಲಿ ‘ಒನ್ ಆಫ್ ಮೈ ರಿಲೇಟಿವ್’ ಎಂದೇ ಇತ್ತು. ಅದೇ ವಾರದ ಪರೀಕ್ಷೆಯಲ್ಲಿ ಅದೇ ತಪ್ಪನ್ನು ನಾನು ಸರಿಯಾಗಿ ಗುರುತಿಸಿದ್ದೆ. ‘ನನ್ನ ಸಂಬಂಧಿಕನೊಬ್ಬ’ ಎಂದು ಕನ್ನಡ ಏಕವಚನದಲ್ಲಿಯೇ ಹೇಳಿ ಮುಗಿಸುವುದು ನನ್ನ ಕೈಯನ್ನು ಎಳೆದಿತ್ತು. ಇಪ್ಪತ್ತು ಇಪ್ಪತ್ತು ಜನರ ಮೂರು ತಂಡ ಮಾಡಿ, ಒಬ್ಬರ ಹಾಳೆಯನ್ನು ಇನ್ನೊಬ್ಬರು ತಿದ್ದುವಂತೆ ಮಾಡಿದರೂ ಈ ಕೊರತೆ ಬಹಳಷ್ಟು ತುಂಬುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಹಲಗೆಯ ಕೆಳಗಿನ ಅರ್ಧ ಕಾಣುವುದಿಲ್ಲ ಎಂಬುದನ್ನೂ ಸೇರಿಸಬೇಕು. ನಾನು ಬೇಗ ಹೋಗಿ ಮುಂದೆ ಕೂಡುತ್ತಿದ್ದೆ, ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರಿಗೆ ಅದು ಸಾಧ್ಯವಾಗುತ್ತಿರಲಿಲ್ಲ.

ಮಾಕ್ ಟೆಸ್ಟ್‌ಗಳು ಹಾಳೆಯ ಮೇಲೆ ನಡೆಯುತ್ತವೆ, ನಿಜವಾದ ಪರೀಕ್ಷೆ ಕಂಪ್ಯೂಟರಿನ ಮೇಲೆ. ಪರದೆಯ ಮೇಲೆ ಬೆರಳಿಟ್ಟು ಮುಚ್ಚಿ ಓದುವುದನ್ನು ನಾನು ಬೇರೆಯಾಗಿ ರೂಢಿ ಮಾಡಿಕೊಳ್ಳಬೇಕಾಯಿತು. ನೆಗೆಟಿವ್ ಮಾರ್ಕಿಂಗಿಗೆ ಹೆದರಿ, ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ ಎಂದು ಅಲ್ಲಿ ಹೇಳುವ ಸಲಹೆಯೂ ಪೂರ್ತಿ ಸರಿಯಲ್ಲ. ನಾಲ್ಕು ಆಯ್ಕೆಗಳಿದ್ದು, ಸರಿಗೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತವಿರುವಾಗ, ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲವರಿಗೆ ಉಳಿದ ಮೂರರಲ್ಲಿ ಒಂದನ್ನು ಆರಿಸುವುದರಿಂದ ಸರಾಸರಿ ಮೂರನೆಯ ಒಂದು ಅಂಕದಷ್ಟು ಲಾಭವೇ ಇದೆ. ಐದು ಆಯ್ಕೆಗಳಿದ್ದು 1 ಅಂಕಕ್ಕೆ ಕಾಲು ಅಂಕ ಕಡಿತವಿರುವ ಬ್ಯಾಂಕ್ ಪರೀಕ್ಷೆಯ ಪ್ರಶ್ನೆಯಲ್ಲಿ ಏನೂ ತಿಳಿಯದೆ ಊಹಿಸಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈ ಲೆಕ್ಕವನ್ನು ಹಲಗೆಯ ಮೇಲೆ ಹತ್ತು ನಿಮಿಷ ಮಾಡಿ ತೋರಿಸಿದ್ದರೆ ಎಲ್ಲರಿಗೂ ಉಪಕಾರವಾಗುತ್ತಿತ್ತು.

ಸೇರುವ ಮೊದಲು ಹಳೆಯ ಪ್ರಶ್ನೆಪತ್ರಿಕೆಯ 25 ಇಂಗ್ಲಿಷ್ ಪ್ರಶ್ನೆಗಳಲ್ಲಿ ನನಗೆ ಸರಿಯಾಗುತ್ತಿದ್ದುದು 10–11. ಹತ್ತನೆಯ ವಾರದ ಹೊತ್ತಿಗೆ 17–18ಕ್ಕೆ ಬಂದಿದ್ದೇನೆ. ಉಳಿದವುಗಳಲ್ಲಿ ಹೆಚ್ಚಿನವು ಪದಸಂಪತ್ತಿನ ಪ್ರಶ್ನೆಗಳು, ಅವು ಈ ತರಗತಿಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ನಿರೀಕ್ಷಿಸಿ ಯಾರೂ ಸೇರಬಾರದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ವೇಗ ಹೆಚ್ಚಿಸಿಕೊಳ್ಳಲು ಮಾತ್ರ ಬಯಸುವವರಿಗೂ ಇದು ಹೊಂದುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ನಿಯಮಗಳು ಬಾಯಿಗೆ ಬಂದರೂ ತಪ್ಪು ಕಣ್ಣಿಗೆ ಬೀಳದವರಿಗೆ 2,800 ರೂಪಾಯಿ ನ್ಯಾಯವಾದ ಬೆಲೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಪುಸ್ತಿಕೆಯ 180 ರೂಪಾಯಿಯ ಬಗ್ಗೆ ಹಾಗೆ ಹೇಳಲಾರೆ. ಮುಂದಿನ ಬ್ಯಾಚಿಗೆ ಹೆಸರು ಹಚ್ಚುವವರು ಹಣ ಕಟ್ಟುವಾಗಲೇ ತಿದ್ದುಪಡಿಯ ಹಾಳೆಯನ್ನು ಕೇಳಿ ಪಡೆಯಬೇಕು. ಕೊಡದಿದ್ದರೆ ಮಾಸ್ತರರನ್ನು ನೇರವಾಗಿ ಕೇಳಬಹುದು, ಅವರ ಬಳಿ ಆ 7 ತಿದ್ದುಪಡಿಗಳನ್ನು ಕೈಯಲ್ಲಿ ಬರೆದಿಟ್ಟ ಪುಸ್ತಿಕೆ ಇದೆ.